ಎಕರೆಯ ಮೇಲೆ ಬರುವ ಸರಕಾರದ ಹಣ: ಪಟ್ಟಾದಾರನೂ ಪಾಲಿಗೆ ಮಾಡುವವನೂ ಕಲಿಯಬೇಕಾದ ಲೆಕ್ಕ



ಬೀಜ, ಗೊಬ್ಬರ, ಎತ್ತು, ರೋಗ ಇವುಗಳ ವಿಷಯವನ್ನು ನಾವು ಮೇಲಿಂದ ಮೇಲೆ ಓದುತ್ತೇವೆ. ಸರಕಾರದಿಂದ ಎಕರೆಯ ಲೆಕ್ಕದ ಮೇಲೆ ನಮ್ಮ ಖಾತೆಗೆ ಬರುವ ಹಣದ ವಿಷಯವನ್ನು ಮಾತ್ರ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತೇವೆಯೇ ಹೊರತು ಶಾಂತವಾಗಿ ಕಲಿಯುವುದಿಲ್ಲ. ಒಬ್ಬನಿಗೆ ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಒಬ್ಬನಿಗೆ ಹೆಚ್ಚು ಬಂತು, ಇನ್ನೊಬ್ಬನಿಗೆ ಕಡಿಮೆ ಬಂತು. ಏಕೆ ಹೀಗಾಯಿತೆಂದು ಕೇಳಿದರೆ ಹಣೆಬರಹವೆಂಬ ಉತ್ತರ ಬರುತ್ತದೆ. ಇದು ಹಣೆಬರಹದ ಮಾತಲ್ಲ, ಕಾಗದದ ಬರಹದ ಮಾತು. ಮನೂರ, ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದ, ತಾಂಡೂರಿನ ಕಡೆಯ ಕನ್ನಡ ಒಕ್ಕಲಿಗರು ಈ ಬರಹವನ್ನು ತಾವೇ ಓದಿ ಲೆಕ್ಕ ಹಾಕುವಂತಾಗಲೆಂದು ಈ ಪಾಠವನ್ನು ಬರೆದಿದೆ.

ಈ ಹಣ ಎಂದಿನಿಂದ ಬಂತು?

ತೆಲಂಗಾಣದಲ್ಲಿ ಎಕರೆಯ ಮೇಲೆ ನೇರವಾಗಿ ಹಣ ಕೊಡುವ ಪದ್ಧತಿ 2018ರ ಮೇ 10ರಂದು ಆರಂಭವಾಯಿತು. ಆ ದಿನ ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು ಹುಜೂರಾಬಾದಿನಲ್ಲಿ ರೈತಬಂಧು ಯೋಜನೆಯನ್ನು ಪ್ರಾರಂಭಿಸಿದರು. ಒಂದು ಎಕರೆಗೆ ಒಂದು ಹಂಗಾಮಿಗೆ 4,000 ರೂಪಾಯಿ. ಮುಂಗಾರಿಗೆ ಒಮ್ಮೆ, ಹಿಂಗಾರಿಗೆ ಒಮ್ಮೆ, ಹೀಗೆ ವರ್ಷಕ್ಕೆ 8,000. ತೆಲುಗು ಕಾಗದಗಳಲ್ಲಿ ಮುಂಗಾರಿಗೆ ವಾನಾಕಾಲಂ ಎಂದೂ ಹಿಂಗಾರಿಗೆ ಯಾಸಂಗಿ ಎಂದೂ ಬರೆದಿರುತ್ತದೆ. ಈ ಎರಡು ಶಬ್ದಗಳನ್ನು ನೆನಪಿನಲ್ಲಿಡಿರಿ. ಮೊದಲನೆಯ ಹಂಗಾಮಿನಲ್ಲಿ ಚೆಕ್ಕುಗಳನ್ನು ಹಳ್ಳಿಗೇ ತಂದು ಹಂಚಿದರು. ಆ ವರ್ಷದ ಹಿಂಗಾರಿಯ ಹೊತ್ತಿಗೆ ವಿಧಾನಸಭೆಯ ಚುನಾವಣೆ ಬಂದುದರಿಂದ ಚುನಾವಣಾ ಆಯೋಗವು ಚೆಕ್ಕು ಹಂಚುವುದನ್ನು ತಡೆಯಿತು. ಹಣವನ್ನು ಬ್ಯಾಂಕಿನ ಖಾತೆಗೇ ಹಾಕಬೇಕಾಯಿತು. ಅಂದಿನಿಂದ ಖಾತೆಯೇ ದಾರಿಯಾಯಿತು. 2019ರ ಮುಂಗಾರಿಯಿಂದ ಎಕರೆಗೆ 5,000ದಂತೆ ಕೊಟ್ಟರು.

ಸರಕಾರ ಬದಲಾದ ಮೇಲೆ, 2025ರ ಜನವರಿ 26ರಂದು ರೈತಬಂಧುವಿನ ಜಾಗದಲ್ಲಿ ರೈತಭರೋಸಾ ಬಂತು. ಮುಖ್ಯಮಂತ್ರಿ ಎ. ರೇವಂತ ರೆಡ್ಡಿಯವರು ಅದನ್ನು ನಾರಾಯಣಪೇಟೆ ಜಿಲ್ಲೆಯ ಕೋಸ್ಗಿ ಮಂಡಲದ ಚಂದ್ರವಂಚ ಗ್ರಾಮದಲ್ಲಿ ಆರಂಭಿಸಿದರು. ಎಕರೆಗೆ ಹಂಗಾಮಿಗೆ 6,000, ವರ್ಷಕ್ಕೆ 12,000 ಎಂದು ಗೊತ್ತುಮಾಡಿದರು. ಹಳೆಯದಕ್ಕೂ ಹೊಸದಕ್ಕೂ ದರದಲ್ಲಷ್ಟೇ ಅಲ್ಲ, ಇನ್ನೊಂದು ವ್ಯತ್ಯಾಸವುಂಟು. ಹಳೆಯ ಯೋಜನೆಯಲ್ಲಿ ಪಟ್ಟಾ ಪುಸ್ತಕದಲ್ಲಿ ಇದ್ದ ಗುಡ್ಡಕ್ಕೂ, ಮನೆ ಕಟ್ಟಲು ಪ್ಲಾಟು ಮಾಡಿದ ಭೂಮಿಗೂ ಹಣ ಹೋಗುತ್ತದೆಂಬ ದೂರು ಇತ್ತು. ಹೊಸದರಲ್ಲಿ ಸಾಗುವಳಿಗೆ ಯೋಗ್ಯವಾದ ಭೂಮಿಗೆ ಮಾತ್ರ ಕೊಡತಕ್ಕದ್ದೆಂದು ನಿಯಮ ಮಾಡಿದರು. 2025ರ ನಿಯಮದಲ್ಲಿ ಯೋಗ್ಯವಾಗಿದ್ದರೆ ಸಾಕು, ಆ ಹಂಗಾಮಿನಲ್ಲಿ ಬೀಳು ಬಿಟ್ಟಿದ್ದರೂ ಹಣ ಬರುವಂತಿತ್ತು. ಆದಕಾರಣ ನಿಮ್ಮ ಸರ್ವೇ ನಂಬರಿನ ಒಳ್ಳೆಯ ಹೊಲವು ತಪ್ಪಿ ಸಾಗುವಳಿಗೆ ಬಾರದ ಭೂಮಿಯೆಂದು ಬರೆದುಹೋಗಿದೆಯೋ ಎಂಬುದನ್ನು ನೋಡಿಕೊಳ್ಳುವುದು ನಿಮ್ಮ ಕೆಲಸ.

ಲೆಕ್ಕ ಮಾಡುವ ಬಗೆ

ಒಂದು ಎಕರೆಗೆ 40 ಗುಂಟೆ. ಎಕರೆಗೆ 6,000 ಎಂದರೆ ಗುಂಟೆಗೆ 150 ರೂಪಾಯಿ. ಇಷ್ಟು ತಿಳಿದರೆ ಯಾರನ್ನೂ ಕೇಳಬೇಕಾಗಿಲ್ಲ. ಒಬ್ಬನ ಪುಸ್ತಕದಲ್ಲಿ 1 ಎಕರೆ 13 ಗುಂಟೆ ಇದೆಯೆಂದಿಟ್ಟುಕೊಳ್ಳಿ. ಎಕರೆಗೆ 6,000, 13 ಗುಂಟೆಗೆ 1,950, ಒಟ್ಟು 7,950. ಇನ್ನೊಬ್ಬನಿಗೆ 2 ಎಕರೆ 25 ಗುಂಟೆ: 12,000ಕ್ಕೆ 3,750 ಕೂಡಿಸಿದರೆ 15,750, ಎರಡು ಹಂಗಾಮಿಗೆ 31,500.

ನಿಮ್ಮ ಲೆಕ್ಕಕ್ಕೂ ಖಾತೆಗೆ ಬಂದ ಹಣಕ್ಕೂ ಅಂತರ ಕಂಡರೆ, ಆ ಅಂತರವನ್ನು 150ರಿಂದ ಭಾಗಿಸಿರಿ. ಎಷ್ಟು ಗುಂಟೆ ಬಿಟ್ಟುಹೋಗಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. 2,250 ಕಡಿಮೆ ಬಂದಿದ್ದರೆ 15 ಗುಂಟೆ ಬಿಟ್ಟಿದೆ. ಆಗ ಪುಸ್ತಕ ತೆಗೆದು ಯಾವ ಸರ್ವೇ ನಂಬರಿನಲ್ಲಿ 15 ಗುಂಟೆ ಇದೆ ಎಂದು ನೋಡಿದರೆ ತಪ್ಪು ಕೈಗೆ ಸಿಕ್ಕಂತೆಯೇ. ಕಚೇರಿಗೆ ಹೋಗಿ ಹಣ ಕಡಿಮೆ ಬಂತೆಂದು ಅಳುವುದಕ್ಕಿಂತ, ಇಂಥ ನಂಬರಿನ ಇಷ್ಟು ಗುಂಟೆ ಸೇರಿಲ್ಲವೆಂದು ಹೇಳುವವನ ಮಾತಿಗೆ ಬೆಲೆ ಹೆಚ್ಚು.

ಮೂರು ಕಾಗದ, ಒಂದು ಹೆಸರು

ಹಣ ನಿಮ್ಮ ಕೈಗೆ ಬರಬೇಕಾದರೆ ಮೂರು ಕಾಗದಗಳು ಒಂದೇ ಮಾತು ಹೇಳಬೇಕು: ಪಟ್ಟಾ ಪುಸ್ತಕ, ಆಧಾರ್ ಚೀಟಿ, ಬ್ಯಾಂಕಿನ ಪುಸ್ತಕ. ಗಡಿಯ ಕನ್ನಡಿಗರಿಗೆ ಇಲ್ಲಿಯೇ ಮುಳ್ಳು.

ನಮ್ಮ ಈ ಭಾಗದ ಕಾಗದಗಳ ಕಥೆ ವಿಚಿತ್ರವಾದುದು. 1956ರ ನವೆಂಬರ್ 1ರವರೆಗೆ ನಾರಾಯಣಖೇಡ ಮತ್ತು ಜಹೀರಾಬಾದ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು, ಕೊಡಂಗಲ್ ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ ತಾಲೂಕಿನ ನಿರ್ಣಾ ಸರ್ಕಲ್ ಮಾತ್ರ ಮೈಸೂರು ರಾಜ್ಯಕ್ಕೆ ಉಳಿಯಿತು. 2014ರಲ್ಲಿ ತೆಲಂಗಾಣವಾಯಿತು. 2016ರ ಅಕ್ಟೋಬರ್ 11ರಂದು ಜಿಲ್ಲೆಗಳನ್ನು ಒಡೆದಾಗ ಮನೂರ, ನಾರಾಯಣಖೇಡ, ಜಹೀರಾಬಾದಗಳು ಮೆದಕ್ ಬಿಟ್ಟು ಸಂಗಾರೆಡ್ಡಿ ಜಿಲ್ಲೆಗೆ ಬಂದವು. ತಾಂಡೂರು ವಿಕಾರಾಬಾದ ಜಿಲ್ಲೆಗೆ ಹೋಯಿತು. ಅಜ್ಜನ ಕಾಲದ ಕಾಗದ ಉರ್ದುವಿನಲ್ಲಿ, ಅಪ್ಪನ ಕಾಲದ್ದು ತೆಲುಗಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಹೀಗಿರುವಾಗ ಒಂದು ಹೆಸರು ಮೂರು ಬಗೆಯಾಗಿ ಬರೆದುಹೋದರೆ ಆಶ್ಚರ್ಯವೇನು?

ತಪ್ಪು ಸಾಮಾನ್ಯವಾಗಿ ಎರಡು ರೀತಿಯದು. ಒಂದು, ತೆಲುಗರು ಮನೆತನದ ಹೆಸರನ್ನು ಮೊದಲು ಬರೆಯುತ್ತಾರೆ, ನಾವು ಕಡೆಗೆ ಬರೆಯುತ್ತೇವೆ. ಬಸಪ್ಪ ಪಾಟೀಲನು ಪಟ್ಟಾದಲ್ಲಿ ಪಾಟೀಲ ಬಸಪ್ಪನಾಗಿರುತ್ತಾನೆ. ಬ್ಯಾಂಕಿನಲ್ಲಿ ಬರೇ ಬಸಪ್ಪನಾಗಿರುತ್ತಾನೆ. ಎರಡು, ಅಕ್ಷರದ ವ್ಯತ್ಯಾಸ. ಬಸವಣ್ಣಪ್ಪನು ಬಸ್ವಣಪ್ಪನಾಗುತ್ತಾನೆ, ಈರಮ್ಮನು ವೀರಮ್ಮನಾಗುತ್ತಾಳೆ. ಊರಿನ ಕಣ್ಣಿಗೆ ಅವರು ಒಬ್ಬರೇ. ಯಂತ್ರದ ಕಣ್ಣಿಗೆ ಇಬ್ಬರು. ಆದ್ದರಿಂದ ಒಂದು ದಿನ ಬಿಡುವು ಮಾಡಿಕೊಂಡು ಮೂರು ಕಾಗದಗಳನ್ನೂ ಮುಂದಿಟ್ಟು, ಓದುಬಲ್ಲ ಮಗನನ್ನೋ ಮಗಳನ್ನೋ ಕೂಡಿಸಿಕೊಂಡು, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿರಿ. ವ್ಯತ್ಯಾಸ ಕಂಡರೆ ಪಟ್ಟಾದಲ್ಲಿದ್ದಂತೆ ಬ್ಯಾಂಕಿನದನ್ನು ಸರಿಮಾಡಿಸುವುದೋ, ಆಧಾರಿನಲ್ಲಿದ್ದಂತೆ ಪಟ್ಟಾದ್ದನ್ನು ತಿದ್ದಿಸುವುದೋ ಎಂಬುದನ್ನು ಕೃಷಿ ವಿಸ್ತರಣಾಧಿಕಾರಿಯನ್ನು ಕೇಳಿ ಗೊತ್ತುಮಾಡಿಕೊಳ್ಳಿರಿ. ಹತ್ತಿರ ಹತ್ತಿರ 5,000 ಎಕರೆಗೆ ಒಂದರಂತೆ ಕಟ್ಟಿದ ರೈತು ವೇದಿಕೆಗಳಲ್ಲಿ ಈ ಅಧಿಕಾರಿ ಸಿಗುತ್ತಾರೆ. ಹೊಸದಾಗಿ ಪಟ್ಟಾ ಪುಸ್ತಕ ಪಡೆದವರು ರೈತಭರೋಸಾಕ್ಕಾಗಿ ಖಾತೆಯ ವಿವರ ಕೊಡಬೇಕಾದುದೂ ಇವರಿಗೇ.

ಪಟ್ಟಾದಲ್ಲಿಯೇ ತಪ್ಪಿದ್ದರೆ ದಾರಿ ತಹಸೀಲ ಕಚೇರಿಯದು. 2017ರ ಸೆಪ್ಟೆಂಬರದಿಂದ ಡಿಸೆಂಬರದವರೆಗೆ ರಾಜ್ಯದ ಭೂಮಿಯ ದಾಖಲೆಗಳನ್ನೆಲ್ಲ ಹೊಸದಾಗಿ ಬರೆದರು. ಆ ಅವಸರದಲ್ಲಿ ಹಲವು ನಂಬರುಗಳು ಬಿಟ್ಟುಹೋದವು. 2020ರ ಅಕ್ಟೋಬರ್ 29ರಂದು ಬಂದ ಧರಣಿ ಪದ್ಧತಿಯಲ್ಲಿ ಅಂಥ ತಪ್ಪನ್ನು ತಿದ್ದಿಸುವುದು ಬಹಳ ಕಷ್ಟವಾಗಿತ್ತು. 2025ರ ಏಪ್ರಿಲ್ 14ರಿಂದ ಅದರ ಜಾಗಕ್ಕೆ ಭೂಭಾರತಿ ಕಾಯಿದೆ ಬಂದಿದೆ. ತಹಸೀಲದಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲಿನ ಅಧಿಕಾರಿಗೆ ಅಪೀಲು ಹೋಗುವ ದಾರಿ ಇದರಲ್ಲಿದೆ. ಬಿಳಿ ಕಾಗದದ ಮೇಲೆ ಬರೆಸಿಕೊಂಡು ಹೊಲ ಕೊಂಡವರ, ಅಂದರೆ ಸಾದಾ ಬೈನಾಮೆಯವರ, ಅರ್ಜಿಗಳನ್ನು ವಿಚಾರಿಸುವುದಕ್ಕೂ ಇದರಲ್ಲಿ ಅವಕಾಶವಿದೆ. ಆದರೆ ಅದು 2014ರ ಜೂನ್ 2ಕ್ಕಿಂತ ಹಿಂದಿನ ಖರೀದಿಗೆ, 2020ರ ಅಕ್ಟೋಬರ್ 12ರಿಂದ ನವೆಂಬರ್ 10ರ ಒಳಗೆ ಅರ್ಜಿ ಕೊಟ್ಟವರಿಗೆ ಎಂಬುದನ್ನು ಮರೆಯಬೇಡಿರಿ. ಆ ಅರ್ಜಿಯ ರಸೀತಿ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಅದು ಬಂಗಾರದ ತುಂಡೆಂದು ತಿಳಿಯಿರಿ.

ದಿಲ್ಲಿಯಿಂದ ಬರುವ ಹಣ ಬೇರೆ

ಪಿ.ಎಂ. ಕಿಸಾನ್ ಎಂಬ ಹಣವು ಕೇಂದ್ರ ಸರಕಾರದ್ದು. 2019ರ ಫೆಬ್ರವರಿ 24ರಂದು ಗೋರಖಪುರದಲ್ಲಿ ಆರಂಭವಾಯಿತು. ಇದರಲ್ಲಿ ಎಕರೆಯ ಲೆಕ್ಕವಿಲ್ಲ, ಕುಟುಂಬದ ಲೆಕ್ಕ. ಗಂಡ, ಹೆಂಡತಿ, ವಯಸ್ಸಿಗೆ ಬಾರದ ಮಕ್ಕಳು ಸೇರಿ ಒಂದು ಕುಟುಂಬ. ಅರ್ಧ ಎಕರೆ ಇದ್ದವರಿಗೂ ಹತ್ತು ಎಕರೆ ಇದ್ದವರಿಗೂ ವರ್ಷಕ್ಕೆ 6,000ವೇ. ನಾಲ್ಕು ತಿಂಗಳಿಗೊಮ್ಮೆ 2,000ದಂತೆ ಮೂರು ಕಂತು. ಹೊಲವು 2019ರ ಫೆಬ್ರವರಿ 1ರಂದು ಹೆಸರಿನಲ್ಲಿ ಇದ್ದಿರಬೇಕು. ಆ ಮೇಲೆ ಕೊಂಡವರಿಗೆ ಇಲ್ಲ, ಹಿರಿಯರು ತೀರಿಕೊಂಡು ವಾರಸಾ ಹಕ್ಕಿನಿಂದ ಬಂದವರಿಗೆ ಉಂಟು. ಆದಾಯ ತೆರಿಗೆ ಕಟ್ಟುವವರು, ಸರಕಾರಿ ನೌಕರರು (ಕೆಳದರ್ಜೆಯವರನ್ನು ಬಿಟ್ಟು), ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು ಇದಕ್ಕೆ ಅರ್ಹರಲ್ಲ. ಬೆರಳಚ್ಚು ಕೊಟ್ಟೋ ಫೋನಿನ ಮೂಲಕವೋ ಮಾಡಿಸುವ ಇ-ಕೆವೈಸಿ ಆಗಿರದಿದ್ದರೆ ಕಂತು ನಿಲ್ಲುತ್ತದೆ. ಸಂದೇಹವಿದ್ದರೆ 155261ಕ್ಕೆ ಫೋನು ಮಾಡಿ ಕೇಳಬಹುದು.

ನಮ್ಮಲ್ಲಿ ಹಲವು ಮನೆಗಳಿಗೆ ಮಾಂಜ್ರಾ ನದಿಯ ಈಚೆಗೂ ಆಚೆಗೂ ಹೊಲ ಇರುತ್ತದೆ. ಔರಾದ, ಬೀದರ ಕಡೆ ಬೀಗರೂ ಇರುತ್ತಾರೆ. ಅಲ್ಲಿಯ ಹೊಲದ ಪಹಣಿ ತೋರಿಸಿ ಇಲ್ಲಿಯ ರೈತಭರೋಸಾ ಕೇಳಲಿಕ್ಕೆ ಬಾರದು. ಪಿ.ಎಂ. ಕಿಸಾನ್ ಹಣವನ್ನಂತೂ ಒಂದು ಕುಟುಂಬವು ಎರಡು ರಾಜ್ಯದಲ್ಲಿ ಎರಡು ಸಲ ಪಡೆಯುವುದು ಅಪರಾಧವಾಗುತ್ತದೆ. ಆಧಾರಿನಿಂದ ಅದು ಗೊತ್ತಾಗಿ ಹಣವನ್ನು ಹಿಂದಕ್ಕೆ ಕಟ್ಟಬೇಕಾದೀತು. ಕರ್ನಾಟಕ ಸರಕಾರ 2019ರಿಂದ ಕೇಂದ್ರದ 6,000ಕ್ಕೆ ತನ್ನದೊಂದು 4,000 ಸೇರಿಸಿ ಕೊಡುತ್ತಿತ್ತು. 2023ರಲ್ಲಿ ಅದು ನಿಂತಿತು. ಆದ್ದರಿಂದ ಬೀಗರ ಊರಿನ ಲೆಕ್ಕ ಬೇರೆ, ನಮ್ಮ ಊರಿನ ಲೆಕ್ಕ ಬೇರೆ. ಹೋಲಿಸಿ ಹೊಟ್ಟೆಯುರಿ ಮಾಡಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ಸತ್ತವರ ಹೆಸರಿನ ಹೊಲ

ತಂದೆ ತೀರಿಕೊಂಡು ವರ್ಷಗಳು ಕಳೆದರೂ ಹೊಲವು ತಂದೆಯ ಹೆಸರಿನಲ್ಲಿಯೇ ಇರುವ ಮನೆಗಳು ಎಷ್ಟೋ ಇವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಪಟ್ಟಾ ಮಾತ್ರ ಹಿರಿಯಣ್ಣನ ಹೆಸರಿನಲ್ಲಿ ಬಿಟ್ಟ ಮನೆಗಳೂ ಇವೆ. ಮೊದಲನೆಯ ಮನೆಗೆ ಹಣ ಬರುವುದಿಲ್ಲ. ಎರಡನೆಯ ಮನೆಯಲ್ಲಿ ತಮ್ಮನ ಹೊಲದ ಹಣವೂ ಅಣ್ಣನ ಖಾತೆಗೆ ಬರುತ್ತದೆ. ಅಣ್ಣ ಒಳ್ಳೆಯವನಿರುವ ತನಕ ನಡೆಯುತ್ತದೆ. ಆಮೇಲೆ ಸೊಸೆಯಂದಿರ ಜಗಳ, ಕೋರ್ಟು, ಕಚೇರಿ. ಮರಣದ ದಾಖಲೆ, ವಾರಸುದಾರರೆಲ್ಲರ ಒಪ್ಪಿಗೆ ಇವನ್ನು ಇಟ್ಟು ತಹಸೀಲದಾರರ ಮುಂದೆ ಹೊಲವನ್ನು ಹೆಸರಿಗೆ ಮಾಡಿಸಿಕೊಳ್ಳುವ ಕೆಲಸವನ್ನು ತಿಥಿ ಮುಗಿದ ತಿಂಗಳಲ್ಲಿಯೇ ಹಿಡಿಯತಕ್ಕದ್ದು. ವಾರಸುದಾರರೆಂದರೆ ಗಂಡುಮಕ್ಕಳಷ್ಟೇ ಅಲ್ಲ. ಹೆಂಡತಿಯೂ ಹೆಣ್ಣುಮಕ್ಕಳೂ ಆ ಪಟ್ಟಿಯಲ್ಲಿದ್ದಾರೆ.

ಇದರ ಜೊತೆಗೇ ರೈತಬೀಮಾದ ಮಾತು. 2018ರ ಆಗಸ್ಟಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ 18ರಿಂದ 59 ವಯಸ್ಸಿನ ಪಟ್ಟಾದಾರ ರೈತನು ಯಾವ ಕಾರಣದಿಂದ ತೀರಿಕೊಂಡರೂ ಅವನ ನಾಮಿನಿಗೆ 5 ಲಕ್ಷ ರೂಪಾಯಿ ಬರುತ್ತದೆ. ವಿಮೆಯ ಕಂತನ್ನು ಸರಕಾರವೇ ಜೀವ ವಿಮಾ ನಿಗಮಕ್ಕೆ ಕಟ್ಟುತ್ತದೆ. ಇಲ್ಲಿ ರೈತನು ಮಾಡಬೇಕಾದುದು ಒಂದೇ: ನಾಮಿನಿಯ ಹೆಸರನ್ನು ಸರಿಯಾಗಿ ಬರೆಸುವುದು. ಮದುವೆಯಾಗುವ ಮುನ್ನ ತಾಯಿಯ ಹೆಸರು ಬರೆಸಿದವನು ಆಮೇಲೆ ಹೆಂಡತಿಯ ಹೆಸರನ್ನು ಬರೆಸಿದ್ದಾನೆಯೆ? ಬರೆಸಿದ ತಾಯಿ ಇನ್ನೂ ಇದ್ದಾಳೆಯೆ? ಈ ಎರಡು ಪ್ರಶ್ನೆಗಳನ್ನು ಪ್ರತಿ ಮನೆಯ ಹೆಣ್ಣುಮಕ್ಕಳು ತಮ್ಮ ಗಂಡಸರಿಗೆ ಕೇಳಲೇಬೇಕು. ಕೇಳುವುದು ಅಪಶಕುನವೆಂದು ಸುಮ್ಮನಿದ್ದವಳ ಕೈಗೆ ಕಡೆಗೆ ಬರೇ ಸಾಲದ ಚೀಟಿ ಬಂದೀತು.

ಬಿತ್ತುವವನಿಗೆ ಏನು ಬಂತು?

ಇದುವರೆಗೆ ಹೇಳಿದ್ದು ಪಟ್ಟಾ ಇದ್ದವರ ಪಾಠ. ಈಗ ಪಟ್ಟಾ ಇಲ್ಲದೆ ಹೊಲ ಮಾಡುವವರ ಪಾಠ.

ಈ ಹಣಕ್ಕೆ ಸರಕಾರವು ಇಟ್ಟ ಹೆಸರು ಪೆಟ್ಟುಬಡಿ ಸಾಯಂ, ಅಂದರೆ ಹೊಲಕ್ಕೆ ಹಾಕುವ ಬಂಡವಾಳಕ್ಕೆ ನೆರವು. ಬೀಜಕ್ಕೆ, ಗೊಬ್ಬರಕ್ಕೆ, ಕಳೆ ತೆಗೆಯುವ ಕೂಲಿಗೆ ಸಾಹುಕಾರನ ಬಾಗಿಲಿಗೆ ಹೋಗದಿರಲೆಂದು ಕೊಡುವ ಹಣ. ಆದರೆ ಕೌಲಿಗೆ ಕೊಟ್ಟ ಹೊಲದಲ್ಲಿ ಬಂಡವಾಳ ಹಾಕುವವನು ಕೌಲುದಾರ. ಹಣ ಪಡೆಯುವವನು ಪಟ್ಟಾದಾರ. ಮಳೆ ಕೈಕೊಟ್ಟರೆ ನಷ್ಟ ಇವನದು, ನೆರವು ಅವನದು. ರೈತಬಂಧುವಿನಲ್ಲಿ ಕೌಲುದಾರನಿಗೆ ಕಾಸು ಬರಲಿಲ್ಲ. 2023ರ ಚುನಾವಣೆಯ ಮುಂದೆ ಕಾಂಗ್ರೆಸ್ ಪಕ್ಷವು ರೈತನಿಗೂ ಕೌಲುದಾರನಿಗೂ ವರ್ಷಕ್ಕೆ ಎಕರೆಗೆ 15,000 ಎಂದು ಮಾತು ಕೊಟ್ಟಿತ್ತು. 2025ರಲ್ಲಿ ಬಂದ ರೈತಭರೋಸಾ 12,000ದ್ದು, ಅದೂ ಪಟ್ಟಾದ ಲೆಕ್ಕದ ಮೇಲೆ. ಭೂಮಿಯೇ ಇಲ್ಲದ ಕೂಲಿಯವರಿಗೆ ಮಾತ್ರ ಅದೇ ದಿನ ಇಂದಿರಮ್ಮ ಆತ್ಮೀಯ ಭರೋಸಾ ಎಂಬ ಬೇರೆ ಯೋಜನೆ ಆರಂಭವಾಯಿತು: 2023-24ರಲ್ಲಿ ಉದ್ಯೋಗ ಖಾತರಿಯ ಕೆಲಸವನ್ನು ಕಡಿಮೆಯೆಂದರೆ 20 ದಿನ ಮಾಡಿದ ಭೂಹೀನ ಕುಟುಂಬಕ್ಕೆ ವರ್ಷಕ್ಕೆ 12,000. ಅರ್ಧ ಎಕರೆ ಪಟ್ಟಾ ಇದ್ದು ನಾಲ್ಕು ಎಕರೆ ಕೌಲಿಗೆ ಮಾಡುವವನು ಇದರಲ್ಲೂ ಬರುವುದಿಲ್ಲ. ಅದರಲ್ಲಿ ಬರುವುದು ಅರ್ಧ ಎಕರೆಯದಷ್ಟೇ.

ಇದು ನಮ್ಮಲ್ಲಿ ಮಾತ್ರ ಆದುದಲ್ಲ. 1933ರಲ್ಲಿ ಅಮೇರಿಕಾದ ಸರಕಾರವು ಹತ್ತಿಯ ಧಾರಣೆ ಏರಲೆಂದು, ಹತ್ತಿಯ ಹೊಲವನ್ನು ಕಡಿಮೆ ಮಾಡಿದವರಿಗೆ ಹಣ ಕೊಡುವ ಕಾಯಿದೆ ತಂದಿತು. ಆ ವರ್ಷ ಸುಮಾರು ಒಂದು ಕೋಟಿ ಎಕರೆ ನಿಂತ ಹತ್ತಿಯನ್ನು ಉತ್ತುಹಾಕಿದರು. ಹಣದ ಬಹುಪಾಲು ಭೂಮಾಲೀಕರ ಕೈಗೆ ಹೋಯಿತು. ಪಾಲಿಗೆ ಮಾಡುತ್ತಿದ್ದವರಿಗೆ ಸಿಗಬೇಕಾದ ಪಾಲು ಸಿಗಲಿಲ್ಲ; ಮೇಲಾಗಿ ಹೊಲ ಕಡಿಮೆಯಾದುದರಿಂದ ಎಷ್ಟೋ ಮಂದಿಯನ್ನು ಮನೆ ಬಿಡಿಸಿ ಕಳಿಸಿದರು. ಆಗ 1934ರ ಜುಲೈಯಲ್ಲಿ ಅರ್ಕಾನ್ಸಾ ಪ್ರಾಂತದ ಪಾಯಿನ್‌ಸೆಟ್ ಕೌಂಟಿಯ ಟೈರೋನ್ಜಾ ಎಂಬ ಊರಿನ ಹತ್ತಿರ ಕರಿಯರೂ ಬಿಳಿಯರೂ ಕೂಡಿ 18 ಮಂದಿ ಕುಳಿತು ಕೌಲುದಾರರ ಸಂಘವನ್ನು ಕಟ್ಟಿದರು. ಕರಿಯರು ಬಿಳಿಯರು ಒಂದೇ ಪಂಕ್ತಿಯಲ್ಲಿ ಕೂಡದಿದ್ದ ಕಾಲ ಅದು. ದೇಶ ಯಾವುದಾದರೇನು, ಹಣವನ್ನು ಭೂಮಿಗೆ ಕಟ್ಟಿದಾಗ ಬೆವರಿಗೆ ಬರುವುದು ಕಡಿಮೆ.

ಬೇರೆ ದಾರಿ ಇಲ್ಲವೆ? ಉಂಟು. ಒಡಿಶಾ ಸರಕಾರ 2018ರ ಡಿಸೆಂಬರದಲ್ಲಿ ತಂದ ಕಾಲಿಯಾ ಯೋಜನೆಯಲ್ಲಿ ಎಕರೆಯ ಲೆಕ್ಕ ಬಿಟ್ಟು ಕುಟುಂಬದ ಲೆಕ್ಕ ಹಿಡಿದಿದ್ದರು. ಪಾಲಿಗೆ ಮಾಡುವವರನ್ನೂ ಭೂಮಿಯಿಲ್ಲದವರನ್ನೂ ಸೇರಿಸಿದ್ದರು. ಆಂಧ್ರಪ್ರದೇಶದಲ್ಲಿ 2019ರಲ್ಲಿ ಬೆಳೆ ಬೆಳೆಯುವವನ ಹಕ್ಕಿನ ಕಾಯಿದೆ ಮಾಡಿ, 11 ತಿಂಗಳ ಕಾಗದದ ಮೇಲೆ ಕೌಲುದಾರನಿಗೆ ಕಾರ್ಡು ಕೊಟ್ಟು, ಪರಿಶಿಷ್ಟ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ವರ್ಗದ ಭೂಹೀನ ಕೌಲುದಾರರಿಗೂ ನೆರವು ಕೊಟ್ಟರು. ಅದಕ್ಕೂ ಮುಂಚೆ, ತೆಲಂಗಾಣ ಬೇರೆಯಾಗದಿದ್ದಾಗ, 2011ರ ಲೈಸೆನ್ಸುದಾರ ಸಾಗುವಳಿಗಾರರ ಕಾಯಿದೆಯಲ್ಲಿ ಕೌಲುದಾರನಿಗೆ ಬ್ಯಾಂಕಿನ ಸಾಲ ಸಿಗುವಂತೆ ಕಾರ್ಡು ಕೊಡುವ ಏರ್ಪಾಡಿತ್ತು. ಆದ್ದರಿಂದ ಬಿತ್ತುವವನನ್ನು ಗುರುತಿಸಲಿಕ್ಕೆ ಆಗದೆಂಬ ಮಾತು ನಿಜವಲ್ಲ.

ಹಾಗಾದರೆ ಪಟ್ಟಾದಾರನು ಕಾಗದ ಬರೆದುಕೊಡಲು ಏಕೆ ಹೆದರುತ್ತಾನೆ? ಅದಕ್ಕೂ ಕಾರಣವಿದೆ. 1950ರ ಹೈದರಾಬಾದ ಕೌಲು ಮತ್ತು ಸಾಗುವಳಿ ಜಮೀನಿನ ಕಾಯಿದೆಯಲ್ಲಿ ರಕ್ಷಿತ ಕೌಲುದಾರರಿಗೆ ಭೂಮಿಯ ಮೇಲೆ ಗಟ್ಟಿಯಾದ ಹಕ್ಕು ದೊರೆಯಿತು. ಅಂದಿನಿಂದ, ಬರೆದುಕೊಟ್ಟರೆ ಹೊಲವೇ ಹೋದೀತೆಂಬ ಹೆದರಿಕೆ ಮನೆಮನೆಯಲ್ಲಿ ಉಳಿದಿದೆ. ಈ ಹೆದರಿಕೆಯನ್ನು ಕೌಲುದಾರನು ಅರಿತು ಮಾತಾಡಬೇಕು. ಜಗಳದಿಂದ ಆಗುವ ಕೆಲಸ ಇದಲ್ಲ.

ಕೌಲಿನ ಮಾತು ಆಡುವ ಬಗೆ

ಯುಗಾದಿಯ ಸುತ್ತ ಕೌಲಿನ ಮಾತುಕತೆ ನಡೆಯುತ್ತದೆ. ಆ ದಿನವೇ ಸರಕಾರದ ಹಣದ ಮಾತನ್ನೂ ಮುಗಿಸಬೇಕು. ಹಣ ಬಂದ ಮೇಲೆ ತೆಗೆದರೆ ಮನಸ್ಸು ಕೆಡುತ್ತದೆ.

ಎಕರೆಗೆ ವರ್ಷಕ್ಕೆ 10,000 ಕೌಲು ಎಂದಿಟ್ಟುಕೊಳ್ಳಿ. ಪಟ್ಟಾದಾರನಿಗೆ ಕೌಲು 10,000, ಸರಕಾರದ್ದು 12,000, ಹೀಗೆ ಒಟ್ಟು 22,000 ಕೈಸೇರುತ್ತದೆ. ಕೌಲುದಾರನ ಕೈಯಿಂದ 10,000ವೂ ಹೊಲದ ಖರ್ಚೂ ಹೋಗುತ್ತದೆ. ಸರಕಾರದ ಹಣದ ಅರ್ಧವನ್ನು, ಅಂದರೆ 6,000ವನ್ನು ಕೌಲಿನಲ್ಲಿ ಮುರಿದರೆ ಕೌಲುದಾರನು ಕೊಡಬೇಕಾದುದು 4,000. ಪಟ್ಟಾದಾರನಿಗೆ ಆಗಲೂ 16,000 ಉಳಿಯುತ್ತದೆ. 2018ರ ಹಿಂದೆ ಅವನಿಗೆ ಸಿಗುತ್ತಿದ್ದುದು ಬರೇ ಕೌಲಿನ ಹಣ. ಅವನಿಗೆ ನಷ್ಟವಿಲ್ಲ, ಇವನಿಗೆ ಉಸಿರು ಬರುತ್ತದೆ. ಅರ್ಧಕ್ಕೆ ಒಪ್ಪದಿದ್ದರೆ ಮುಂಗಾರಿಯ ಕಂತಿನಲ್ಲಿ ಕಾಲುಭಾಗವಾದರೂ ಕೇಳಿರಿ.

ಮಾತು ಹೀಗಿರಲಿ: “ಸಾವಕಾರ್ರೇ, ಕೌಲ ಕೊಡೋದಿಲ್ಲ ಅನ್ನೋದಿಲ್ರಿ. ಹೊಲ ನಿಮ್ದು, ಅದರ ಮ್ಯಾಲ ನನ್ನ ಕಣ್ಣಿಲ್ಲ. ಆದ್ರ ಸರಕಾರದ ರೊಕ್ಕ ಬೀಜಕ್ಕ, ಗೊಬ್ಬರಕ್ಕ ಅಂತ ಬರ್ತದ. ಬೀಜ, ಗೊಬ್ಬರ ನಾ ತರ್ತೀನಿ. ಅದರಾಗ ಅರ್ಧ ಕೌಲಿನಾಗ ಮುರೀರಿ.” ಹೊಲದ ಮೇಲೆ ಕಣ್ಣಿಲ್ಲವೆಂಬ ಮಾತು ಮೊದಲು ಬಂದರೆ ಉಳಿದ ಮಾತು ಕಿವಿಗೆ ಹೋಗುತ್ತದೆ.

ಅರ್ಧಪಾಲಿಗೆ ಮಾಡುವವರ ಲೆಕ್ಕ ಇನ್ನೂ ಸುಲಭ. ಕಣದಲ್ಲಿ ರಾಶಿ ಹಂಚುವ ಮುನ್ನ ಬೀಜ ಗೊಬ್ಬರದ ಖರ್ಚನ್ನು ಇಬ್ಬರೂ ಹೊರುವ ರೂಢಿ ಇದ್ದಲ್ಲಿ, ಸರಕಾರದ ಹಣವನ್ನು ಮೊದಲು ಆ ಖರ್ಚಿಗೆ ಹಾಕಿ, ಉಳಿದ ಖರ್ಚನ್ನು ಅರ್ಧರ್ಧ ಮಾಡಿಕೊಳ್ಳಬೇಕು. ಎರಡು ಎಕರೆ ತೊಗರಿಗೆ 20,000 ಖರ್ಚಾಯಿತೆನ್ನಿ, ಮುಂಗಾರಿಯ 12,000 ಕಳೆದರೆ ಉಳಿದುದು 8,000, ತಲೆಗೆ 4,000. ಹೊಲದ ಹೆಸರಿನಲ್ಲಿ ಬಂದ ಹಣ ಹೊಲಕ್ಕೇ ಹೋಯಿತು; ಯಾರೂ ಯಾರಿಗೂ ದಾನ ಮಾಡಿದಂತಾಗಲಿಲ್ಲ.

ಒಪ್ಪಿದ ಮಾತನ್ನು ಊರಿನ ಇಬ್ಬರು ಹಿರಿಯರ ಮುಂದೆ ಆಡಿಸಿರಿ. ಸಾಧ್ಯವಾದರೆ ಒಂದು ಚೀಟಿಯಲ್ಲಿ ವರ್ಷ, ಎಕರೆ, ಕೌಲು, ಮುರಿದ ಹಣ ಇಷ್ಟನ್ನೇ ಬರೆದು ಇಬ್ಬರೂ ಇಟ್ಟುಕೊಳ್ಳಿರಿ. ಪಟ್ಟಾದಾರ ಬಂಧುಗಳಿಗೂ ಒಂದು ಮಾತು: ನಿಮ್ಮ ಹೊಲ ಬೀಳು ಬೀಳದೆ ಹಸಿರಾಗಿರುವುದು ಅವನ ರಟ್ಟೆಯಿಂದ. ಸಾಲದ ಭಾರಕ್ಕೆ ಅವನು ಹೊಲ ಬಿಟ್ಟು ಹೈದರಾಬಾದಿಗೆ ಕೂಲಿಗೆ ಹೋದರೆ, ಮುಂದಿನ ವರ್ಷ ನಿಮ್ಮ ಹೊಲದಲ್ಲಿ ಬೆಳೆಯುವುದು ಕರಿಕೆ.

ಹಣ ಬಂದ ದಿನ

ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಬೇಕು ಎಂಬಂತೆ, ಬಿತ್ತಿದ ಮೇಲೆ ಬರುವ ಬೀಜದ ಹಣ ಅರ್ಧ ಉಪಯೋಗದ್ದು. 2025ರ ಹಿಂಗಾರಿಯ ಹಣ ಜನವರಿಯ ಕಡೆಗೆ ಆರಂಭವಾಗಿ, ಕಡಿಮೆ ಹೊಲದವರಿಗೆ ಮೊದಲು ಎಂಬ ಕ್ರಮದಲ್ಲಿ ಹಂತಹಂತವಾಗಿ ಬಂತು. ನಮ್ಮ ಎರೆ ಹೊಲದ ಬಿಳಿಜೋಳಕ್ಕೆ ಬಿತ್ತನೆಯ ಕಾಲ ಸೆಪ್ಟೆಂಬರ, ಅಕ್ಟೋಬರ; ಜನವರಿಯಲ್ಲಿ ತೆನೆ ಬಂದಿರುತ್ತದೆ. ಅದೇ ವರ್ಷದ ಮುಂಗಾರಿಯ ಹಣ ಜೂನ್ 16ರಿಂದ ಒಂಬತ್ತು ದಿನಗಳಲ್ಲಿ ಬಂದು, ಬಿತ್ತನೆಗೆ ಒದಗಿತು. ಇದರಿಂದ ಕಲಿಯಬೇಕಾದುದೇನೆಂದರೆ, ಬರುವ ಹಣವನ್ನು ನಂಬಿ ಸಾಲ ಮಾಡಬಾರದು. ಬಂದ ಹಣವನ್ನು ಮುಂದಿನ ಬಿತ್ತನೆಗೆ ಕೂಡಿಡಬೇಕು.

ಒಂದು ಎಕರೆ ತೊಗರಿಗೆ ಒಂದು ಚೀಲ ಡಿ.ಎ.ಪಿ. ಸಾಕು. 2025ರಲ್ಲಿ 50 ಕಿಲೋ ಚೀಲಕ್ಕೆ 1,350 ರೂಪಾಯಿ, 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ ದರ. ಈ ದರವೂ ಸರಕಾರದ ನೆರವಿನಿಂದಲೇ ಇಳಿದುದು; ಇದು ಖಾತೆಗೆ ಬಾರದ, ಚೀಲದಲ್ಲಿ ಅಡಗಿದ ನೆರವು. ಪಟ್ಟಾ ಇಲ್ಲದವನಿಗೂ ಅಂಗಡಿಯಲ್ಲಿ ಸಿಗಬೇಕಾದುದು ಇದೊಂದೇ. ಆದ್ದರಿಂದ ಚೀಲದ ಮೇಲೆ ಅಚ್ಚಾದ ದರಕ್ಕಿಂತ ಹೆಚ್ಚು ಕೊಡಬೇಡಿರಿ, ರಸೀತಿ ಬಿಡಬೇಡಿರಿ. 6,000ದಲ್ಲಿ ಗೊಬ್ಬರಕ್ಕೆ 1,350 ಹೋದರೆ ಉಳಿಯುವುದು 4,650. ಒಳ್ಳೆಯ ಬೀಜ, ನೆಟೆರೋಗ ಬಾರದಂತೆ ಬೀಜಕ್ಕೆ ಟ್ರೈಕೋಡರ್ಮಾ ಲೇಪ, ಬೇರಿನಲ್ಲಿ ಗಂಟು ಕಟ್ಟಲು ರೈಜೋಬಿಯಂ, ಮೊದಲ ಕಳೆಯ ಕೂಲಿ ಇಷ್ಟಕ್ಕೆ ಅದು ಬಹುಮಟ್ಟಿಗೆ ಆಗುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿ ಹೆಸರು ದೇಶಕ್ಕೆ ಗೊತ್ತಾಗಿದೆ. ಬೆಳೆಯುವವನು ಬೀಜದಲ್ಲಿ ಜಿಪುಣತನ ಮಾಡಿದರೆ ಆ ಹೆಸರು ಉಳಿಯದು.

ಇನ್ನು ಎರಡು ಎಚ್ಚರಿಕೆ. ಒಂದು, ರೈತಬಂಧು ಹಣವನ್ನು ಹಳೆಯ ಸಾಲಕ್ಕೆ ಮುರಿದುಕೊಳ್ಳಬಾರದೆಂದು ಸರಕಾರ ಬ್ಯಾಂಕುಗಳಿಗೆ ತಿಳಿಸಿತ್ತು; ನಿಮ್ಮ ಖಾತೆಯಲ್ಲಿ ಹಾಗಾದರೆ ಬರವಣಿಗೆಯಲ್ಲಿ ಕಾರಣ ಕೇಳಿರಿ. ಎರಡು, ಹೆಸರು ಸೇರಿಸುತ್ತೇನೆಂದು ಹಣ ಕೇಳುವವನಿಗೂ, ಫೋನಿಗೆ ಬಂದ ಅಂಕಿಯನ್ನು ಕೇಳುವವನಿಗೂ ಏನನ್ನೂ ಕೊಡಬೇಡಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆ ಹಳೆಯದು. ಈ ಕಾಲದಲ್ಲಿ ಪೂಜಾರಿಯಲ್ಲದವನೂ ಗುಡಿಯ ಬಾಗಿಲಲ್ಲಿ ನಿಂತಿರುತ್ತಾನೆ.

ಮನನಕ್ಕೆ ಪ್ರಶ್ನೆಗಳು

ಮನೆಮಂದಿಯೆಲ್ಲ ಕುಳಿತು ಇವುಗಳಿಗೆ ಉತ್ತರ ಬರೆದು ನೋಡಿರಿ.

1. ನಿಮ್ಮ ಪಟ್ಟಾ ಪುಸ್ತಕದಲ್ಲಿ ಎಷ್ಟು ಎಕರೆ, ಎಷ್ಟು ಗುಂಟೆ ಇದೆ? ಗುಂಟೆಗೆ 150ರಂತೆ ಒಂದು ಹಂಗಾಮಿಗೆ ಎಷ್ಟು ಬರಬೇಕು? ಎಷ್ಟು ಬಂತು?

2. ಪಟ್ಟಾ, ಆಧಾರ್, ಬ್ಯಾಂಕು ಈ ಮೂರರಲ್ಲಿ ಹೆಸರು ಒಂದೇ ಇದೆಯೆ?

3. ತೀರಿಕೊಂಡವರ ಹೆಸರಿನಲ್ಲಿ ಹೊಲ ಉಳಿದಿದೆಯೆ? ರೈತಬೀಮಾದಲ್ಲಿ ನಾಮಿನಿ ಯಾರು?

4. ನೀವು ಕೌಲಿಗೆ ಮಾಡುವವರಾದರೆ, ಈ ವರ್ಷ ಸರಕಾರದ ಹಣದ ಮಾತು ಆಡಿದಿರಾ? ಕೌಲಿಗೆ ಕೊಟ್ಟವರಾದರೆ, ನಿಮ್ಮ ಹೊಲದ ಬೀಜವನ್ನು ತಂದವರು ಯಾರು?

ನಾಲ್ಕನೆಯ ಪ್ರಶ್ನೆಗೆ ಊರಿನಲ್ಲಿ ಎರಡು ಮನೆಯವರು ನ್ಯಾಯವಾಗಿ ಉತ್ತರ ಕೊಟ್ಟರೆ, ಮುಂದಿನ ಯುಗಾದಿಗೆ ನಾಲ್ಕು ಮನೆಯವರು ಅದೇ ಲೆಕ್ಕ ಹಿಡಿಯುತ್ತಾರೆ. ಕಾಯಿದೆ ಬರುವ ತನಕ ಕಾಯಬೇಕಾದ ಕೆಲಸ ಬೇರೆ. ಕಟ್ಟೆಯ ಮೇಲೆ ಕುಳಿತು ನಾವೇ ಮಾಡಬಹುದಾದ ಕೆಲಸ ಬೇರೆ. ಇದು ಎರಡನೆಯದು.